ಬರ್ಬನ್ ಪೀಪಾಯಿಯ ಸ್ಟೌಟ್: ಒಂದು ಗುಟುಕಿನಲ್ಲಿ ಯಾವ ರುಚಿ ಎಲ್ಲಿಂದ ಬಂತು?

ಅಮೆರಿಕದ ಬರ್ಬನ್ ವಿಸ್ಕಿಯ ಪೀಪಾಯಿಯಲ್ಲಿ ಮಾಗಿಸಿದ ಇಂಪೀರಿಯಲ್ ಸ್ಟೌಟನ್ನು, ಅಂದರೆ ಹುರಿದ ಧಾನ್ಯದ ಗಡುಸು ಕಪ್ಪು ಬಿಯರನ್ನು, ಮೊದಲ ಸಲ ಬಾಯಿಗಿಟ್ಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಇದಕ್ಕೆ ವಿಸ್ಕಿ ಬೆರೆಸಿದ್ದಾರಾ? ಬೆರೆಸಿಲ್ಲ. ವಿಸ್ಕಿ ಬಸಿದು ಖಾಲಿಯಾದ ಓಕ್ ಪೀಪಾಯಿಗೆ ಬಿಯರ್ ತುಂಬಿ, ಆರು ತಿಂಗಳೋ ಒಂದು ವರ್ಷವೋ ಹಾಗೇ ಬಿಟ್ಟಿದ್ದಾರೆ. ಆದರೂ ಪ್ರಶ್ನೆಯಲ್ಲಿ ಹುರುಳಿದೆ. ಪೀಪಾಯಿಯ ಹಲಗೆಗಳೊಳಗೆ ಇಂಗಿ ಕೂತಿದ್ದ ವಿಸ್ಕಿ ನಿಧಾನವಾಗಿ ಬಿಯರಿಗೆ ಇಳಿದಿರುತ್ತದೆ. ಜೊತೆಗೆ ಮರವೂ ತನ್ನದಿಷ್ಟು ಕೊಟ್ಟಿರುತ್ತದೆ, ಹಲಗೆ ಸಂದಿನಿಂದ ನುಸುಳಿದ ಗಾಳಿಯೂ ಸುಮ್ಮನಿರುವುದಿಲ್ಲ.

ಹಾಗಾಗಿ ಈ ಬಿಯರಿನ ರುಚಿ ನೋಡುವುದೆಂದರೆ ನಾಲ್ಕು ಮೂಲಗಳನ್ನು ಬಿಡಿಬಿಡಿಯಾಗಿ ಗುರುತಿಸುವ ಕೆಲಸ: ಮೂಲ ಬಿಯರ್, ಓಕ್ ಮರ, ಮರದಲ್ಲಿ ಉಳಿದ ಮದ್ಯ, ಮತ್ತು ಕಾಲದ ಜೊತೆ ಬಂದ ಗಾಳಿ. ಇದು ಗೊತ್ತಿಲ್ಲದೆ 'ಸ್ಮೂತ್ ಆಗಿದೆ', 'ಸಖತ್ ಸ್ಟ್ರಾಂಗ್' ಎಂದಷ್ಟೇ ಹೇಳಿ ಮುಗಿಸಿದರೆ ಬಾಟಲಿಗೆ ಸುರಿದ ದುಡ್ಡಿನಲ್ಲಿ ಅರ್ಧ ದಂಡ.

ಪೀಪಾಯಿಗೆ ಹೋಗುವ ಬಿಯರ್

ಸಾಧಾರಣ ಸ್ಟೌಟಿನಲ್ಲಿ ಆಲ್ಕೋಹಾಲ್ ಶೇ. 4ರಿಂದ 6. ಅದನ್ನು ಬರ್ಬನ್ ಪೀಪಾಯಿಗೆ ಹಾಕಿದರೆ ಮೂಲ ಬಿಯರ್ ಹೇಳಹೆಸರಿಲ್ಲದೆ ಮುಚ್ಚಿಹೋಗುತ್ತದೆ, ಬ್ಯಾಕ್ಟೀರಿಯಾಗಳಿಗೂ ಸುಲಭದ ತುತ್ತಾಗುತ್ತದೆ. ಆದ್ದರಿಂದ ಇಂಪೀರಿಯಲ್ ಸ್ಟೌಟ್ ಆರಿಸುತ್ತಾರೆ. ಹುದುಗುವ ಮೊದಲೇ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ರಸದ ಸಾಂದ್ರತೆ 1.100ರ ಆಸುಪಾಸು (ನೀರಿನದು 1.000), ಹುದುಗಿದ ಮೇಲೆ ಆಲ್ಕೋಹಾಲ್ ಶೇ. 8ರಿಂದ 12, ಕಹಿಯ ಅಳತೆ 50ರಿಂದ 90 ಐಬಿಯು. ಹುರಿದ ಬಾರ್ಲಿ ಮತ್ತು ಚಾಕೊಲೇಟ್ ಮಾಲ್ಟ್‌ನಿಂದ ಡಿಕಾಕ್ಷನ್, ಕೋಕೋ, ಸೀದ ಬ್ರೆಡ್ಡಿನ ಅಂಚು ಬರುತ್ತವೆ. ಹುದುಗದೆ ಉಳಿದ ಸಕ್ಕರೆಯಿಂದ ಜೋನಿ ಬೆಲ್ಲ, ಖರ್ಜೂರ, ಅಂಜೂರದ ಸಿಹಿ. ಪೀಪಾಯಿಯಿಂದ ಹೊರಬಂದ ಮೇಲೂ ಇವು ಉಳಿದಿರಬೇಕು. ಉಳಿದಿಲ್ಲವೆಂದರೆ ಏನೋ ಎಡವಟ್ಟಾಗಿದೆ ಎಂದೇ ಲೆಕ್ಕ.

ಪೀಪಾಯಿ ಬಂದದ್ದು ಕಾನೂನಿನ ದೆಸೆಯಿಂದ

ಅಮೆರಿಕದಲ್ಲಿ ಬರ್ಬನ್ ಎಂದು ಚೀಟಿ ಅಂಟಿಸಬೇಕಾದರೆ ಧಾನ್ಯದಲ್ಲಿ ಕನಿಷ್ಠ ಶೇ. 51 ಮೆಕ್ಕೆಜೋಳ ಇರಬೇಕು. ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ ಮಾಗಬೇಕು. ತುಂಬುವಾಗ ಆಲ್ಕೋಹಾಲ್ ಶೇ. 62.5 ದಾಟಬಾರದು. ಇದರಲ್ಲಿ 'ಹೊಸ' ಎಂಬ ಶರತ್ತೇ ಬಿಯರಿನವರ ಪಾಲಿಗೆ ವರವಾದದ್ದು. ಸುಮಾರು 200 ಲೀಟರಿನ ಪೀಪಾಯಿ ಬರ್ಬನ್‌ಗೆ ಒಂದೇ ಸಲ ಉಪಯೋಗಕ್ಕೆ ಬರುತ್ತದೆ, ಆಮೇಲೆ ಮಾರಾಟಕ್ಕೆ. ಸ್ಕಾಟ್ಲೆಂಡಿನ ಭಟ್ಟಿಗಳಿಗೂ, ಬೆಂಗಳೂರಿನ ಅಮೃತ್ ಡಿಸ್ಟಿಲರಿಗೂ ಹೋಗುವುದು ಇಂಥವೇ ಪೀಪಾಯಿಗಳು.

ಈ ಜಾತಿಯ ಬಿಯರಿಗೆ ಹೆಸರು ತಂದದ್ದು ಶಿಕಾಗೋದ ಗೂಸ್ ಐಲ್ಯಾಂಡ್ ಬ್ರೂವರಿ. ಅಲ್ಲಿನ ಬ್ರೂಮಾಸ್ಟರ್ ಗ್ರೆಗ್ ಹಾಲ್ 1990ರ ದಶಕದಲ್ಲಿ ಜಿಮ್ ಬೀಮ್ ಬರ್ಬನ್ ಮನೆತನದ ಬುಕರ್ ನೋ ಅವರಿಂದ ಪೀಪಾಯಿ ಪಡೆದು ಮಾಡಿದ 'ಬರ್ಬನ್ ಕೌಂಟಿ ಸ್ಟೌಟ್' ಇಂದಿಗೂ ಅಳತೆಗೋಲು. ಮಿಶಿಗನ್ನಿನ ಫೌಂಡರ್ಸ್ ಬ್ರೂವರಿ ತನ್ನ 'ಕೆಬಿಎಸ್' ಸ್ಟೌಟಿನ ಪೀಪಾಯಿಗಳನ್ನು ಗ್ರ್ಯಾಂಡ್ ರ‍್ಯಾಪಿಡ್ಸ್ ಊರಿನ ಅಡಿಯಲ್ಲಿರುವ ಹಳೆಯ ಜಿಪ್ಸಮ್ ಗಣಿಯಲ್ಲಿ ಇಟ್ಟು ಮಾಗಿಸಿತು. ಗಣಿಯ ತಂಪು ವರ್ಷವಿಡೀ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ.

ಪೀಪಾಯಿ ಖಾಲಿಯಾದ ದಿನದಿಂದ ಬಿಯರ್ ತುಂಬುವ ದಿನದ ನಡುವಿನ ಅಂತರ ಬಹಳ ಮುಖ್ಯ. ಕೆಲವೇ ವಾರಗಳಲ್ಲಿ ತುಂಬಿದರೆ ಹಲಗೆ ಒದ್ದೆಯಾಗಿರುತ್ತದೆ, ಒಳಗಿನ ಮದ್ಯವೇ ಕ್ರಿಮಿಗಳನ್ನು ದೂರ ಇಡುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಮರ ಒಣಗಿ ಕುಗ್ಗಿ, ಹಲಗೆ ಸಂದು ಬಿಟ್ಟು, ತುಂಬಿದ ಬಿಯರ್ ಸೋರುತ್ತದೆ. ಸಂದಿನಲ್ಲಿ ಬೂಸಲು ಕಟ್ಟುವುದೂ ಉಂಟು. ಬಹುಪಾಲು ಬ್ರೂವರಿಗಳು ಪೀಪಾಯಿಯನ್ನು ತೊಳೆಯುವುದೇ ಇಲ್ಲ. ತೊಳೆದರೆ ಬೇಕಾದದ್ದೂ ಹೋಗುತ್ತದೆ. ಕಾರ್ಬನ್ ಡೈಆಕ್ಸೈಡ್ ಹಾಯಿಸಿ ಗಾಳಿ ಹೊರದೂಡಿ, ಬಾಯಿಮಟ್ಟ ತುಂಬಿ ಬಿರಡೆ ಹಾಕುತ್ತಾರೆ. ಹಲಗೆಯಲ್ಲಿದ್ದ ಮದ್ಯ ಇಳಿದು, ಶೇ. 11ಕ್ಕೆ ಒಳಗೆ ಹೋದ ಸ್ಟೌಟ್ 12, 13 ಆಗಿ ಹೊರಬರುವುದು ಮಾಮೂಲು.

ಸುಟ್ಟ ಮರ ಏನು ಕೊಡುತ್ತದೆ

ಪೀಪಾಯಿಯ ಒಳಮೈಯನ್ನು ಬೆಂಕಿಯಲ್ಲಿ ಸುಡುವುದು ಒಂದು ನಿಮಿಷಕ್ಕೂ ಕಡಿಮೆ. ಅಷ್ಟರಲ್ಲಿ ಮೇಲ್ಮೈ ಇದ್ದಿಲಾಗುತ್ತದೆ, ಅದರ ಹಿಂದಿನ ಪದರ ಬರೀ ಕೆಂಪಗೆ ಹುರಿದಿರುತ್ತದೆ. ರುಚಿಯ ಹೆಚ್ಚಿನ ಪಾಲು ಬರುವುದು ಈ ಹುರಿದ ಪದರದಿಂದ. ಇದ್ದಿಲು ಗಂಧಕದ ಕೆಟ್ಟ ವಾಸನೆಗಳನ್ನು ಹೀರಿಕೊಳ್ಳುತ್ತದೆ.

ಮರದಲ್ಲಿನ ಲಿಗ್ನಿನ್ ಕಾವಿಗೆ ಒಡೆದು ವೆನಿಲಿನ್ ಆಗುತ್ತದೆ, ಐಸ್‌ಕ್ರೀಮಿನಲ್ಲಿ ಮೂಗಿಗೆ ಬರುವ ವೆನಿಲಾ ಅದೇ. ಹೆಮಿಸೆಲ್ಯುಲೋಸ್ ಒಡೆದು ಸಕ್ಕರೆಯಾಗಿ, ಆ ಸಕ್ಕರೆ ಕಂದಿ ಕ್ಯಾರಮೆಲ್ ಕೊಡುತ್ತದೆ. ಓಕ್ ಲ್ಯಾಕ್ಟೋನ್ ಎಂಬ ವಸ್ತುವಿಗೆ ಕೊಬ್ಬರಿಯ ವಾಸನೆ. ಯೂರೋಪಿನ ಓಕಿಗಿಂತ ಅಮೆರಿಕದ ಬಿಳಿ ಓಕಿನಲ್ಲಿ ಇದು ಎದ್ದು ಕಾಣುತ್ತದೆ, ಆದ್ದರಿಂದಲೇ ಕೊಬ್ಬರಿ ಹಾಕದ ಸ್ಟೌಟಿನಲ್ಲೂ ಕೊಬ್ಬರಿ ಮಿಠಾಯಿ ಮೂಗಿಗೆ ತಾಗುತ್ತದೆ. ಯೂಜಿನಾಲ್ ಲವಂಗದಲ್ಲಿರುವ ಅದೇ ವಸ್ತು. ಗ್ವಾಯಕಾಲ್ ಎಂಬುದಕ್ಕೆ ಹೊಗೆಯ ವಾಸನೆ. ಇನ್ನು ಟ್ಯಾನಿನ್: ಇದಕ್ಕೆ ವಾಸನೆಯಿಲ್ಲ, ಕೆಲಸವೆಲ್ಲ ಒಸಡಿನ ಮೇಲೆ, ಒಗರು.

ಇವು ಒಟ್ಟಿಗೆ ಬರುವುದಿಲ್ಲ ಎಂಬುದು ಗೊತ್ತಿದ್ದರೆ ರುಚಿ ನೋಡುವಾಗ ಅರ್ಧ ಗೊಂದಲ ಕಳೆಯುತ್ತದೆ. ಹಲಗೆಯ ಮೇಲ್ಪದರದ ಮದ್ಯ ಮೊದಲ ಕೆಲವು ವಾರಗಳಲ್ಲೇ ಇಳಿದುಬಿಡುತ್ತದೆ. ವೆನಿಲಾ, ಕೊಬ್ಬರಿ, ಒಗರು ತಿಂಗಳುಗಳ ಮೇಲೆ ಕೂಡುತ್ತವೆ. ಹಗಲು ರಾತ್ರಿ, ಬೇಸಿಗೆ ಚಳಿ ಎಂದು ಉಷ್ಣತೆ ಏರಿಳಿದಾಗ ಬಿಯರ್ ಮರದೊಳಗೆ ಹೋಗಿ ಹೊರಗೆ ಬಂದು ಈ ಕೆಲಸವನ್ನು ಚುರುಕು ಮಾಡುತ್ತದೆ. ಗಾಳಿಯ ಗುರುತು ಎಲ್ಲಕ್ಕಿಂತ ಕೊನೆಗೆ: ಒಣದ್ರಾಕ್ಷಿ, ಶೆರ್ರಿ ವೈನು, ಚರ್ಮದ ಚೀಲ. ಹೀಗಾಗಿ ಬರೀ ವಿಸ್ಕಿಯ ಘಾಟಿದ್ದು ವೆನಿಲಾ ಇಲ್ಲದ ಬಿಯರ್ ಬೇಗ ಹೊರಬಂದದ್ದು, ಒಗರು ಹೆಚ್ಚಿ ಹುರಿದ ರುಚಿ ಮಂಕಾದದ್ದು ಹೆಚ್ಚು ಕಾಲ ಕೂತದ್ದು ಎಂದು ಊಹಿಸಿದರೆ ಬಹುತೇಕ ಸರಿಯಾಗುತ್ತದೆ.

ಯಾವಾಗ ತೆಗೆಯಬೇಕೆಂದು ಬ್ರೂವರಿಯವರಿಗೆ ತಿಳಿಯುವುದು ಒಂದು ಮೊಳೆಯಿಂದ. ಪೀಪಾಯಿಯ ಚಪ್ಪಟೆ ಮುಖಕ್ಕೆ ಸಣ್ಣ ತೂತು ಕೊರೆದು ಸ್ಟೇನ್‌ಲೆಸ್ ಸ್ಟೀಲ್ ಮೊಳೆ ಹೊಡೆದಿರುತ್ತಾರೆ. ಕ್ಯಾಲಿಫೋರ್ನಿಯಾದ ರಷ್ಯನ್ ರಿವರ್ ಬ್ರೂವರಿಯ ವಿನ್ನಿ ಸಿಲುರ್ಜೊ ರೂಢಿಗೆ ತಂದದ್ದರಿಂದ ಇದಕ್ಕೆ 'ವಿನ್ನಿ ನೇಲ್' ಎಂದೇ ಹೆಸರು. ಮೊಳೆ ಕಿತ್ತರೆ ದಾರದಷ್ಟು ತೆಳ್ಳಗೆ ಬಿಯರ್ ಚಿಮ್ಮುತ್ತದೆ. ಗ್ಲಾಸಿಗೆ ಎರಡು ಗುಟುಕು ಹಿಡಿದು ಮೊಳೆ ವಾಪಸ್ ಒತ್ತುತ್ತಾರೆ. ಮೇಲಿನ ಬಿರಡೆ ತೆಗೆಯುವುದಿಲ್ಲ, ಗಾಳಿ ಒಳಗೆ ಹೋಗುವುದಿಲ್ಲ. ಪಕ್ಕಪಕ್ಕದ ಎರಡು ಪೀಪಾಯಿಗಳಲ್ಲೇ ರುಚಿ ಬೇರೆ ಬೇರೆ ಇರುತ್ತದೆ. ಒಂದರಲ್ಲಿ ಕೊಬ್ಬರಿ ಜೋರು, ಇನ್ನೊಂದರಲ್ಲಿ ಒಗರು, ಮೂರನೆಯದು ವಿನಿಗರ್ ಕಡೆ ವಾಲಿರುತ್ತದೆ. ಕೆಟ್ಟದ್ದನ್ನು ಚೆಲ್ಲಿ, ಉಳಿದವನ್ನು ಬೆರೆಸಿ, ಬೇಕಿದ್ದರೆ ಪೀಪಾಯಿ ಕಾಣದ ಹೊಸ ಸ್ಟೌಟ್ ಸೇರಿಸಿ ಹದ ಮಾಡುತ್ತಾರೆ. ಒಳ್ಳೆಯ ಬ್ರೂವರಿಗೂ ಸಾಧಾರಣ ಬ್ರೂವರಿಗೂ ವ್ಯತ್ಯಾಸ ಕಾಣುವುದು ಇಲ್ಲೇ. ಚೆಲ್ಲಲು ಮನಸ್ಸು ಬಾರದವರು ಕೆಟ್ಟ ಪೀಪಾಯಿಯನ್ನು ಒಳ್ಳೆಯದರಲ್ಲಿ ಅಡಗಿಸುತ್ತಾರೆ, ಆಮೇಲೆ ಇಡೀ ಬ್ಯಾಚ್ ಕೆಡುತ್ತದೆ.

ಸುರಿಯುವ ಮೊದಲು

ಉಷ್ಣತೆ 12ರಿಂದ 14 ಡಿಗ್ರಿ ಸೆಲ್ಸಿಯಸ್ ಇರಲಿ. ಫ್ರಿಜ್‌ನಿಂದ ನೇರವಾಗಿ 4 ಡಿಗ್ರಿಯಲ್ಲಿ ಸುರಿದರೆ ಕಹಿ ಮತ್ತು ಒಗರು ಮಾತ್ರ ಬಾಯಿಗೆ ಬರುತ್ತವೆ, ವೆನಿಲಾ ಕೊಬ್ಬರಿ ಏಳುವುದೇ ಇಲ್ಲ. ಬೆಂಗಳೂರಿನ ಸಾಮಾನ್ಯ ಕೋಣೆಯಲ್ಲಿ 500 ಮಿ.ಲೀ. ಬಾಟಲಿಯನ್ನು ತೆರೆಯದೆ ಮುಕ್ಕಾಲು ಗಂಟೆ ಹೊರಗಿಟ್ಟರೆ ಹದಕ್ಕೆ ಬರುತ್ತದೆ. ಮಂಗಳೂರು, ರಾಯಚೂರಿನ ಸೆಕೆಗೆ ಅರ್ಧ ಗಂಟೆ ಸಾಕು.

ಬಾಟಲಿ ಹಿಂದಿನ ದಿನದಿಂದಲೇ ನೆಟ್ಟಗೆ ನಿಂತಿರಲಿ, ತಳದ ಗಸಿ ಕೂರುತ್ತದೆ. ಸುರಿಯುವಾಗ ಕೊನೆಯ ಬೆರಳಗಲ ಬಾಟಲಿಯಲ್ಲೇ ಬಿಡಿ. ಕೆಲವು ಬಾಟಲಿಗಳ ಕತ್ತಿಗೆ ಮೇಣ ಮೆತ್ತಿರುತ್ತಾರೆ. ಚಾಕುವಿನಲ್ಲಿ ಕೆರೆಯಲು ಹೋಗಿ ಬೆರಳು ಕೊಯ್ದುಕೊಳ್ಳಬೇಡಿ. ಮೇಣ ಇದ್ದ ಹಾಗೇ ಓಪನರ್ ಒತ್ತಿ ಮುಚ್ಚಳ ಎತ್ತಿ, ಬಾಯಿಗೆ ಅಂಟಿದ ಚೂರುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಸುರಿಯಿರಿ.

ಗ್ಲಾಸು ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿರಬೇಕು. ಬ್ರಾಂಡಿ ಗ್ಲಾಸು, ಟ್ಯುಲಿಪ್ ಗ್ಲಾಸು, ಏನೂ ಇಲ್ಲದಿದ್ದರೆ ವೈನ್ ಗ್ಲಾಸು. ಬಿಯರ್ ಮಗ್ ಬೇಡ. ಸಾಬೂನಿನ ವಾಸನೆ ಉಳಿಯದಂತೆ ಬಿಸಿನೀರಲ್ಲಿ ಜಾಲಿಸಿ ಬೋರಲು ಹಾಕಿ ಒಣಗಿಸಿ. ಕೋಣೆಯಲ್ಲಿ ಊದುಬತ್ತಿ, ಅತ್ತರು, ಅಡುಗೆಯ ಒಗ್ಗರಣೆ ಇರಬಾರದು. ಕಾಫಿ, ಎಲೆ ಅಡಿಕೆ, ಖಾರದ ತಿಂಡಿ ಆದ ಮೇಲೆ ಕನಿಷ್ಠ ಒಂದು ಗಂಟೆ ಬಿಡುವು ಕೊಡಿ.

ಪ್ರಮಾಣದ ಲೆಕ್ಕವನ್ನು ಯಾರೂ ಹಾಕುವುದಿಲ್ಲ, ಹಾಕಲೇಬೇಕು. ಶೇ. 13ರ ಬಿಯರ್ 100 ಮಿ.ಲೀ.ನಲ್ಲಿ 13 ಮಿ.ಲೀ. ಶುದ್ಧ ಆಲ್ಕೋಹಾಲ್ ಇದೆ. ನಮ್ಮಲ್ಲಿ ಸಿಗುವ ಶೇ. 42.8ರ ವಿಸ್ಕಿಯ 30 ಮಿ.ಲೀ. ಪೆಗ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ. ಅಂದರೆ 500 ಮಿ.ಲೀ. ಬಾಟಲಿ ಐದು ಸಣ್ಣ ಪೆಗ್‌ಗೆ ಸಮ. ಇದು ಒಬ್ಬರೇ ಮುಗಿಸುವ ಬಾಟಲಿಯಲ್ಲ. ಒಬ್ಬೊಬ್ಬರಿಗೆ 60ರಿಂದ 90 ಮಿ.ಲೀ. ಸುರಿದರೆ ಆರು ಮಂದಿ ಹಂಚಿಕೊಳ್ಳಬಹುದು, ಗಾಡಿ ಓಡಿಸುವವರು ಆ ಆರರಲ್ಲಿ ಇರಬಾರದು.

ಒಂದಕ್ಕಿಂತ ಹೆಚ್ಚು ಬಾಟಲಿ ಇದ್ದರೆ ಪೀಪಾಯಿ ಕಾಣದ ಮೂಲ ಸ್ಟೌಟಿನಿಂದ ಶುರುಮಾಡಿ. ಆಮೇಲೆ ಪೀಪಾಯಿಯದು, ಅದರ ನಂತರ ಕಾಫಿ, ವೆನಿಲಾ, ಮೆಣಸು ಮುಂತಾದವನ್ನು ಸೇರಿಸಿದ್ದು. ಹಿಂದುಮುಂದಾದರೆ ನಾಲಿಗೆ ಮೊದಲ ಗ್ಲಾಸಿಗೇ ಸೋತುಹೋಗುತ್ತದೆ. ನಡುನಡುವೆ ತಣ್ಣಗಿಲ್ಲದ ನೀರು, ಉಪ್ಪಿಲ್ಲದ ಬ್ರೆಡ್ಡು.

ಮೂಗು, ನಾಲಿಗೆ, ಒಸಡು, ಗಂಟಲು

ಕಣ್ಣಿಗೆ ಇಲ್ಲಿ ಕೆಲಸ ಕಡಿಮೆ. ಬಣ್ಣ ಕಪ್ಪು, ಬೆಳಕಿಗೆ ಹಿಡಿದರೆ ಅಂಚು ಕಂದು. ನೊರೆ ಕಡಿಮೆಯಿದ್ದರೆ ದೋಷ ಹಿಡಿಯಬೇಡಿ, ಇಷ್ಟು ಆಲ್ಕೋಹಾಲಿಗೆ ನೊರೆ ನಿಲ್ಲುವುದಿಲ್ಲ. ಕೊಬ್ಬರಿ, ಕೋಕೋ ಹಾಕಿದ್ದರೆ ಅವುಗಳ ಜಿಡ್ಡು ಇನ್ನಷ್ಟು ಅಡಗಿಸುತ್ತದೆ. ಗ್ಲಾಸಿನ ಒಳಗೋಡೆಯಲ್ಲಿ ಇಳಿಯುವ ಗೆರೆಗಳನ್ನು ನೋಡಿ ತಲೆದೂಗುವವರಿದ್ದಾರೆ. ಅದು ಆಲ್ಕೋಹಾಲ್ ಜಾಸ್ತಿ ಇದೆ ಎಂದು ಹೇಳುತ್ತದೆಯೇ ಹೊರತು ಗುಣಮಟ್ಟವನ್ನಲ್ಲ. ಮುಚ್ಚಳ ತೆಗೆದ ಕೂಡಲೇ ನೊರೆ ಉಕ್ಕಿ ಹರಿದರೆ ಮಾತ್ರ ಅನುಮಾನಿಸಿ: ಬಾಟಲಿಯೊಳಗೆ ಏನೋ ಮತ್ತೆ ಹುದುಗಿದೆ.

ಮೂಗನ್ನು ಗ್ಲಾಸಿನೊಳಗೆ ತುರುಕಬೇಡಿ, ಆಲ್ಕೋಹಾಲ್ ಚುಚ್ಚಿ ಎರಡು ನಿಮಿಷ ವಾಸನೆಯೇ ತಿಳಿಯುವುದಿಲ್ಲ. ಒಂದು ಗೇಣು ದೂರದಿಂದ ಶುರುಮಾಡಿ ಹತ್ತಿರ ತನ್ನಿ. ದೂರಕ್ಕೆ ಮೊದಲು ಸಿಗುವುದು ವೆನಿಲಾ, ಕೊಬ್ಬರಿ, ಕ್ಯಾರಮೆಲ್, ಅಂದರೆ ಮರ. ಇನ್ನಷ್ಟು ಹತ್ತಿರಕ್ಕೆ ಡಿಕಾಕ್ಷನ್, ಕೋಕೋ, ಅಂದರೆ ಮೂಲ ಬಿಯರ್. ಗ್ಲಾಸಿನ ಅಂಚಿನಲ್ಲಿ ವಿಸ್ಕಿಯ ಬಿಸಿ. ಉದ್ದಕ್ಕೆ ಎಳೆಯದೆ ಚಿಕ್ಕ ಚಿಕ್ಕ ಉಸಿರು ತೆಗೆದುಕೊಳ್ಳಿ, ಬಾಯಿ ಸ್ವಲ್ಪ ತೆರೆದಿರಲಿ. ಮೂಗು ಮಂದವಾಯಿತೆನಿಸಿದರೆ ನಿಮ್ಮದೇ ಅಂಗಿಯ ತೋಳು ಮೂಸಿ ಮತ್ತೆ ಬನ್ನಿ.

ಮೊದಲ ಗುಟುಕು ಬಾಯಿಯನ್ನು ಒಗ್ಗಿಸಲು ಮಾತ್ರ, ಒಂದು ಟೀ ಚಮಚದಷ್ಟು. ಅದರ ಮೇಲೆ ಯಾವ ತೀರ್ಮಾನವನ್ನೂ ಮಾಡಬೇಡಿ. ಎರಡನೆಯದು ಎರಡು ಚಮಚದಷ್ಟು, ಬಾಯಿತುಂಬ ಆಡಿಸಿ ನಾಲ್ಕೈದು ಸೆಕೆಂಡು ಹಿಡಿದು ನುಂಗಿ, ಕೂಡಲೇ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ನುಂಗುವ ಮೊದಲು ಕಾಣದ ಸುಟ್ಟ ಮರ, ಲವಂಗ, ತಂಬಾಕು ಬರುವುದು ಈ ಉಸಿರಿನಲ್ಲೇ.

ಈಗ ಎಲ್ಲೆಲ್ಲಿ ಏನಾಗುತ್ತಿದೆ ಎಂದು ಗಮನಿಸಿ. ಹುರಿದ ಮಾಲ್ಟಿನ ಮತ್ತು ಹಾಪ್ಸ್‌ನ (ಬಿಯರಿಗೆ ಕಹಿ ಕೊಡುವ ಹೂವು) ಕಹಿ ನಾಲಿಗೆಯ ಹಿಂಭಾಗದಲ್ಲಿ ನಿಲ್ಲುತ್ತದೆ. ಓಕಿನ ಟ್ಯಾನಿನ್ ಒಸಡನ್ನೂ ಕೆನ್ನೆಯ ಒಳಬದಿಯನ್ನೂ ಒಣಗಿಸುತ್ತದೆ, ನಾಲಿಗೆಯಿಂದ ಹಲ್ಲು ಸವರಿದರೆ ಒರಟೆನಿಸುತ್ತದೆ. ಆಲ್ಕೋಹಾಲಿನ ಬಿಸಿ ಗಂಟಲಿನಿಂದ ಎದೆಗೆ ಇಳಿಯುತ್ತದೆ. ಮೂರನ್ನೂ 'ಕಹಿ' ಎಂಬ ಒಂದೇ ಡಬ್ಬಕ್ಕೆ ಹಾಕುವುದು ಹೊಸಬರ ಸಾಮಾನ್ಯ ತಪ್ಪು, ಬಿಡಿಸಿಕೊಂಡರೆ ಮೂಲ ತಾನಾಗಿ ಗೊತ್ತಾಗುತ್ತದೆ.

ಕಾಗದದಲ್ಲಿ ನಾಲ್ಕು ಕಾಲಂ ಎಳೆದು ಬಿಯರ್, ಮರ, ಮದ್ಯ, ಗಾಳಿ ಎಂದು ಬರೆಯಿರಿ. ಸಿಕ್ಕಿದ ಪ್ರತಿ ರುಚಿಯನ್ನೂ ಒಂದರಲ್ಲಿ ಹಾಕಿ. ಅನುಮಾನವಿದ್ದರೆ ಎರಡರ ಗೆರೆಯ ಮೇಲೆ ಬರೆಯಿರಿ. ಒಣದ್ರಾಕ್ಷಿ ಮಾಲ್ಟಿನದ್ದೂ ಆಗಬಹುದು, ಗಾಳಿಯದ್ದೂ ಆಗಬಹುದು. ನಂತರ ಗ್ಲಾಸನ್ನು ಹಾಗೇ ಬಿಟ್ಟು ಹದಿನೈದು ನಿಮಿಷಕ್ಕೊಮ್ಮೆ ಮರಳಿ ನೋಡಿ. ತಣ್ಣಗಿದ್ದಾಗ ಎಲ್ಲ ಬಿಯರೂ ಸಾಧುವೇ. 18 ಡಿಗ್ರಿ ದಾಟಿದ ಮೇಲೆ ಸಿಹಿ ಅಂಟಂಟಾಗುತ್ತದೆಯೇ, ಆಲ್ಕೋಹಾಲ್ ಮುಖಕ್ಕೆ ಹೊಡೆಯುತ್ತದೆಯೇ, ಡಿಕಾಕ್ಷನ್ ಇನ್ನೂ ಇದೆಯೇ ಎಂಬುದರಲ್ಲಿ ಬಂಡವಾಳ ಬಯಲಾಗುತ್ತದೆ. ವಿಸ್ಕಿಯೇ ಬೇಕಿದ್ದವರಿಗೆ ವಿಸ್ಕಿ ಬಾಟಲಿಯೇ ಅಗ್ಗ. ಬೆಚ್ಚಗಾದ ಗ್ಲಾಸಿನಲ್ಲೂ ಸ್ಟೌಟ್ ಸ್ಟೌಟಾಗಿಯೇ ಉಳಿದಿದ್ದರೆ ಅದು ಒಳ್ಳೆಯ ಬಿಯರ್, ಉಳಿದದ್ದೆಲ್ಲ ಬರೀ ಲೇಬಲ್ಲು.

ಕೆಟ್ಟಿದೆ ಎಂದು ಹೇಗೆ ತಿಳಿಯುವುದು

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಯಾಕೆಂದರೆ ಈ ಬಿಯರಿನ ದೋಷಗಳು ಗುಣಗಳ ವೇಷದಲ್ಲೇ ಬರುತ್ತವೆ.

ಹುಳಿಯಿಂದ ಶುರುಮಾಡೋಣ. ಹುರಿದ ಮಾಲ್ಟಿಗೆ, ಕಾಫಿಗೆ ತಮ್ಮದೇ ಹುಳಿಯಿದೆ. ಅದು ಕಹಿಯ ಜೊತೆ ಬಂದು ಕಹಿಯ ಜೊತೆಗೇ ಹೋಗುತ್ತದೆ. ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾದ ಹುಳಿ ಹಾಗಲ್ಲ. ದವಡೆಯ ಬದಿಯಲ್ಲಿ ಜೊಲ್ಲು ಸುರಿಸುತ್ತದೆ, ಬಿಯರಿನ ಮೈ ತೆಳ್ಳಗಾಗಿರುತ್ತದೆ, ಚಾಕೊಲೇಟ್ ಇರಬೇಕಾದಲ್ಲಿ ಹುಳಿ ಚೆರ್ರಿ ಕೂತಿರುತ್ತದೆ. ಶೇ. 14ರ ಬಿಯರಿನಲ್ಲಿ ಯಾವ ಬ್ಯಾಕ್ಟೀರಿಯಾ ಬದುಕೀತು ಎಂಬ ನಂಬಿಕೆ ಬಹುಕಾಲ ಇತ್ತು. ಗೂಸ್ ಐಲ್ಯಾಂಡಿನ 2015ರ ಬರ್ಬನ್ ಕೌಂಟಿ ಬಾಟಲಿಗಳಲ್ಲಿ ಕೆಲವು ಹುಳಿಯಾದಾಗ ಆ ನಂಬಿಕೆ ಹೋಯಿತು. ಸಿಕ್ಕಿಬಿದ್ದದ್ದು ಲ್ಯಾಕ್ಟೋಬ್ಯಾಸಿಲಸ್ ಅಸಿಟೋಟಾಲರನ್ಸ್. ಕಂಪನಿ 2016ರಲ್ಲಿ ಗ್ರಾಹಕರಿಗೆ ಹಣ ವಾಪಸ್ ಕೊಟ್ಟಿತು, ಮುಂದಿನ ಬ್ಯಾಚ್‌ಗಳನ್ನು ಪಾಶ್ಚರೀಕರಿಸಲು ಶುರುಮಾಡಿತು. ಪಾಶ್ಚರೀಕರಣ ಎಂದರೆ ಮೂಗು ಮುರಿಯುವ ಬಿಯರ್ ಪ್ರಿಯರು ಈ ಪ್ರಕರಣವನ್ನು ನೆನಪಿಟ್ಟುಕೊಳ್ಳಬೇಕು.

ವಿನಿಗರ್ ಹುಳಿ ಬೇರೆ, ಅದು ನಾಲಿಗೆಗಿಂತ ಮೊದಲು ಮೂಗಿಗೆ ಚುಚ್ಚುತ್ತದೆ. ಪೀಪಾಯಿಯಲ್ಲಿ ಬಿಯರ್ ಆವಿಯಾಗಿ ಮೇಲೆ ಖಾಲಿ ಜಾಗ ಆದಾಗ, ಗಾಳಿ ಸಿಕ್ಕಿದ ಅಸಿಟೋಬ್ಯಾಕ್ಟರ್ ಆಲ್ಕೋಹಾಲನ್ನು ಅಸಿಟಿಕ್ ಆಮ್ಲ ಮಾಡಿದ್ದರ ಫಲ. ಅದರ ಬೆನ್ನಿಗೇ ಬರುವುದು ಈಥೈಲ್ ಅಸಿಟೇಟ್, ನೇಲ್ ಪಾಲಿಶ್ ರಿಮೂವರಿನ ವಾಸನೆ. ಇದು ಅಲ್ಪ ಪ್ರಮಾಣದಲ್ಲಿ ವಿಸ್ಕಿಯಲ್ಲೇ ಇರುತ್ತದೆ, ಆಗ ಪಿಯರ್ ಹಣ್ಣಿನಂತೆ ತೋರುತ್ತದೆ. ಹಣ್ಣೆನಿಸಿದರೆ ಸರಿ, ಬ್ಯೂಟಿ ಪಾರ್ಲರ್ ನೆನಪಾದರೆ ಕೆಟ್ಟಿದೆ.

ಬೆಣ್ಣೆಯ ವಿಚಾರದಲ್ಲಿ ಹಲವರು ಮೋಸಹೋಗುತ್ತಾರೆ. ಓಕ್ ಮತ್ತು ಕ್ಯಾರಮೆಲ್ ಸೇರಿ ಬೆಣ್ಣೆ ಮಿಠಾಯಿಯ ಛಾಯೆ ಕೊಡುವುದು ಸಹಜ. ಆದರೆ ಪೀಡಿಯೊಕಾಕಸ್ ಬ್ಯಾಕ್ಟೀರಿಯಾ ಬಿಟ್ಟ ಡೈಅಸಿಟೈಲ್ ಇದ್ದರೆ ಸಿನಿಮಾ ಹಾಲಿನ ಪಾಪ್‌ಕಾರ್ನ್ ವಾಸನೆಯ ಜೊತೆ ನಾಲಿಗೆಯ ಮೇಲೆ ಜಿಡ್ಡಿನ ಪದರ ಉಳಿಯುತ್ತದೆ. ನೀರು ಕುಡಿದರೂ ಅದು ಹೋಗುವುದಿಲ್ಲ.

ಹೊಗೆಯಲ್ಲೂ ಎರಡು ಬಗೆ. ಸುಟ್ಟ ಓಕಿನ ಹೊಗೆ ಒಣ ಸೌದೆಯದು, ಲವಂಗದ ಜೊತೆಗಿರುತ್ತದೆ. ಬ್ರೆಟನೊಮೈಸಿಸ್ ಎಂಬ ಕಾಡು ಯೀಸ್ಟ್ ಸೇರಿದ್ದರೆ ಬ್ಯಾಂಡೇಜು, ಕುದುರೆ ಲಾಯ. ಸ್ಕಾಟ್ಲೆಂಡಿನ ಐಲಾ ದ್ವೀಪದ ಹೊಗೆ ವಿಸ್ಕಿಯ ಪೀಪಾಯಿ ಬಳಸಿದ್ದರೆ ಆಸ್ಪತ್ರೆಯ ಅಯೋಡಿನ್ ವಾಸನೆ ಬೇಕೆಂದೇ ಬಂದದ್ದು, ಆದ್ದರಿಂದ ಲೇಬಲ್ ಓದಿದ ಮೇಲೆ ತೀರ್ಪು ಕೊಡಿ.

ಹಳತಾದ ಬಿಯರಿನ ಗುರುತುಗಳಲ್ಲಿ ಶೆರ್ರಿ, ಒಣಹಣ್ಣು ಇಷ್ಟವಾಗುವಂಥವು. ನೆನೆದ ರಟ್ಟು ಇಷ್ಟವಾಗುವಂಥದ್ದಲ್ಲ, ಬಾಟಲಿ ತುಂಬುವಾಗಲೇ ಆಮ್ಲಜನಕ ಸೇರಿದೆ ಎಂದರ್ಥ. ಸೋಯಾ ಸಾಸ್, ಮಾಂಸದ ಸಾರಿನ ರುಚಿ ಬಂದರೆ ಸತ್ತ ಯೀಸ್ಟ್ ಒಡೆದು ಬಿಯರಿಗೆ ಸೇರಿದೆ. ದಪ್ಪ ಸ್ಟೌಟಿನಲ್ಲಿ ಇದು ಚೂರು ಇದ್ದರೆ 'ಆಳ' ಎಂದು ಹೊಗಳಿಸಿಕೊಳ್ಳುತ್ತದೆ, ಹೆಚ್ಚಾದರೆ ಚೈನೀಸ್ ಅಂಗಡಿ.

ಹಸಿ ಮರದ ರುಚಿ, ಅಂದರೆ ಬಡಗಿಯ ಅಂಗಡಿಯ ಗರಗಸದ ಹೊಟ್ಟು, ಸೋಂಕಲ್ಲ, ಅವಸರ. ಹೊಸ ಓಕ್ ಚೂರು ಹಾಕಿ ಬೇಗ ಮುಗಿಸಿದ ಬಿಯರಿನಲ್ಲಿ ಹೆಚ್ಚು.

ಸ್ಕಾಟ್ಲೆಂಡಿನ ದಾರಿ, ಮತ್ತು ಲೇಬಲ್ಲಿನ ಅಂಕಿ

ಸ್ಕಾಚ್ ಪೀಪಾಯಿ ಸ್ಕಾಚ್‌ಗೆ ಸೇರುವ ಮೊದಲೇ ಬರ್ಬನ್ನೋ ಶೆರ್ರಿಯೋ ಕಂಡಿರುತ್ತದೆ. ಮರ ಕೊಡುವುದನ್ನು ಬಹುಪಾಲು ಕೊಟ್ಟಾಗಿರುತ್ತದೆ, ಹಾಗಾಗಿ ಬಿಯರಿಗೆ ವೆನಿಲಾ ಕೊಬ್ಬರಿ ಕಡಿಮೆ, ಒಣಹಣ್ಣು ಮತ್ತು ಹೊಗೆ ಹೆಚ್ಚು. ಹಾರ್ವಿಸ್ಟನ್ ಬ್ರೂವರಿಯ 'ಓಲಾ ಡೂ' ಇದಕ್ಕೆ ಒಳ್ಳೆಯ ಉದಾಹರಣೆ. ತಮ್ಮ 'ಓಲ್ಡ್ ಎಂಜಿನ್ ಆಯಿಲ್' ಕಪ್ಪು ಬಿಯರಿನ ಗಟ್ಟಿ ರೂಪವನ್ನು ಆರ್ಕ್ನಿ ದ್ವೀಪದ ಹೈಲ್ಯಾಂಡ್ ಪಾರ್ಕ್ ವಿಸ್ಕಿಯ ಪೀಪಾಯಿಗಳಲ್ಲಿ ಮಾಗಿಸುತ್ತಾರೆ, ಆಲ್ಕೋಹಾಲ್ ಶೇ. 8. ಬಾಟಲಿಯ ಮೇಲಿನ 12, 16, 18 ಎಂಬ ಅಂಕಿಗಳು ಪೀಪಾಯಿಯಲ್ಲಿದ್ದ ವಿಸ್ಕಿಯ ವಯಸ್ಸು, ಬಿಯರಿನದಲ್ಲ. ಹದಿನೆಂಟು ವರ್ಷದ ಬಿಯರ್ ಎಂದು ಬೆಲೆ ಏರಿಸಿ ಮಾರುವವರನ್ನು ನಂಬಬೇಡಿ.

ಲೇಬಲ್ಲಿನಲ್ಲಿ 'ಬ್ಯಾರೆಲ್ ಏಜ್ಡ್' ಮತ್ತು 'ಓಕ್ ಏಜ್ಡ್' ಒಂದೇ ಅಲ್ಲ. ಎರಡನೆಯದರಲ್ಲಿ ಸ್ಟೀಲ್ ಟ್ಯಾಂಕಿಗೆ ಓಕ್ ಚೂರು ಹಾಕಿರುವ ಸಾಧ್ಯತೆಯಿದೆ. ಮರದ ರುಚಿ ಬರುತ್ತದೆ, ನಿಧಾನವಾಗಿ ಸೇರುವ ಗಾಳಿಯ ಕೆಲಸ ಆಗಿರುವುದಿಲ್ಲ. ರೈ ಧಾನ್ಯದ ವಿಸ್ಕಿಯ ಪೀಪಾಯಿ ಕಾಳುಮೆಣಸಿನ ಕಡೆ, ರಮ್ಮಿನದು ಬೆಲ್ಲ ಮತ್ತು ಮಾಗಿದ ಬಾಳೆಹಣ್ಣಿನ ಕಡೆ ಎಳೆಯುತ್ತದೆ.

ಕೂಡಿಡುವವರಿಗೆ ಒಂದು ಮಾತು. ಕಾಫಿ ಹಾಕಿದ್ದನ್ನು ತಿಂಗಳುಗಳೊಳಗೆ ಕುಡಿದುಬಿಡಿ, ಕಾಫಿಯ ಘಮ ಎಲ್ಲಕ್ಕಿಂತ ಮೊದಲು ಹೋಗಿ ಹಸಿಮೆಣಸಿನಕಾಯಿಯ ವಾಸನೆ ಬಿಡುತ್ತದೆ. ಏನೂ ಸೇರಿಸದ ಪೀಪಾಯಿ ಸ್ಟೌಟನ್ನು ಕತ್ತಲಲ್ಲಿ, ನೆಟ್ಟಗೆ, 10ರಿಂದ 13 ಡಿಗ್ರಿಯಲ್ಲಿ ಎರಡು ಮೂರು ವರ್ಷ ಇಟ್ಟರೆ ಆಲ್ಕೋಹಾಲಿನ ಚೂಪು ಇಳಿಯುತ್ತದೆ. ಆಮೇಲೆ ಹೆಚ್ಚಿನವು ಇಳಿಮುಖವೇ. ಅಡುಗೆಮನೆಯ ಅಟ್ಟದ ಮೇಲೆ ಇಟ್ಟು ಕಾಯುವುದರಲ್ಲಿ ಏನೂ ಹುಟ್ಟುವುದಿಲ್ಲ.

ಬಾಟಲಿ ಸಿಗದಿದ್ದರೂ ಕಲಿಯುವುದು

ಭಾರತದ ಆಹಾರ ಸುರಕ್ಷತಾ ನಿಯಮಗಳಲ್ಲಿ ಬಿಯರಿನ ಆಲ್ಕೋಹಾಲಿಗೆ ಶೇ. 8 ಮಿತಿ. ಶೇ. 13ರ ಬರ್ಬನ್ ಸ್ಟೌಟ್ ಬೆಂಗಳೂರಿನ ಪಬ್ಬುಗಳಲ್ಲಿ ಕಾಣದಿರಲು ಇದು ಒಂದು ಕಾರಣ. ಹವೆ ಇನ್ನೊಂದು. ಸ್ಕಾಟ್ಲೆಂಡಿನ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ. 2 ಆವಿಯಾದರೆ ಅಮೃತ್‌ನಂಥ ಬೆಂಗಳೂರಿನ ಗೋದಾಮಿನಲ್ಲಿ ಶೇ. 10ರಿಂದ 12 ಹೋಗುತ್ತದೆ. ವಿಸ್ಕಿಗಾದರೆ ಅದು ಬೇಗ ಮಾಗುವ ಅನುಕೂಲ. ಬಿಯರಿಗಾದರೆ ಮೇಲ್ಗಡೆ ಖಾಲಿ ಜಾಗ, ಗಾಳಿ, ವಿನಿಗರ್. ಇಲ್ಲಿ ಮಾಡುವವರು ತಂಪು ಕೋಣೆಯಲ್ಲಿಟ್ಟು ಬೇಗ ತೆಗೆಯಬೇಕಾಗುತ್ತದೆ.

ಬಾಟಲಿ ಕೈಗೆ ಸಿಗುವ ಮೊದಲು ಮೂಗನ್ನು ಪಳಗಿಸಲು ಮನೆಯಲ್ಲೇ ದಾರಿಯಿದೆ. ಶೇ. 6ರ ಆಸುಪಾಸಿನ ಯಾವುದಾದರೂ ಸ್ಟೌಟ್ ತಂದು ನಾಲ್ಕು ಗ್ಲಾಸಿಗೆ ತಲಾ 100 ಮಿ.ಲೀ. ಹಾಕಿ. ಮೊದಲನೆಯದು ಹಾಗೇ ಇರಲಿ. ಎರಡನೆಯದಕ್ಕೆ 5 ಮಿ.ಲೀ. ಬರ್ಬನ್, ಆಗ ಆಲ್ಕೋಹಾಲ್ ಶೇ. 8ರ ಹತ್ತಿರ ಬರುತ್ತದೆ. ವಿಸ್ಕಿ ಮೇಲೆ ತೇಲಿದಂತೆ ಬೇರೆಯಾಗಿಯೇ ನಿಲ್ಲುತ್ತದೆ, ತಿಂಗಳುಗಟ್ಟಲೆ ಮರದಲ್ಲಿದ್ದ ಬಿಯರಿನಲ್ಲಿ ಹೀಗಾಗುವುದಿಲ್ಲ. ಮೂರನೆಯದಕ್ಕೆ ಹಾಲು ಸಕ್ಕರೆ ಹಾಕದೆ ಹತ್ತು ನಿಮಿಷ ಕುದಿಸಿದ ಚಹಾ 10 ಮಿ.ಲೀ., ಟ್ಯಾನಿನ್ನಿನ ಒಗರು ಒಸಡಿನ ಮೇಲೆ ಎಲ್ಲಿ ಕೂರುತ್ತದೆಂದು ತಿಳಿಯಲು. ನಾಲ್ಕನೆಯದಕ್ಕೆ ಡ್ರಾಪರಿನಲ್ಲಿ ಹತ್ತು ಹನಿ ಬಿಳಿ ವಿನಿಗರ್, ಅಂದರೆ ಅರ್ಧ ಮಿ.ಲೀ. ಗೊತ್ತಾಗದಿದ್ದರೆ ಇನ್ನು ಹತ್ತು ಹನಿ ಸೇರಿಸಿ. ಗ್ಲಾಸುಗಳ ಅಡಿಗೆ ಗುರುತು ಹಾಕಿ, ಮನೆಯವರ ಕೈಲಿ ಅದಲುಬದಲು ಮಾಡಿಸಿ, ಕಣ್ಣಿಗೆ ಬಿಡದೆ ಮೂಗು ನಾಲಿಗೆಯಲ್ಲೇ ಗುರುತಿಸಿ. ನೇಲ್ ಪಾಲಿಶ್ ರಿಮೂವರನ್ನು ಮಾತ್ರ ಸೀಸೆಯಲ್ಲೇ ದೂರದಿಂದ ಮೂಸಿ, ಯಾವ ಗ್ಲಾಸಿಗೂ ಹಾಕಬೇಡಿ.